ಸಾಕ್ಷಿಗೆ ಇಬ್ಬರು

ಸಲ್ಮಾಬಾದ್, ಬಹ್ರೈನ್
ತಾ. 12-3-1985

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಮೊನ್ನೆ ಸಿಕ್ಕಿತು. ಅಮ್ಮನ ಕಾಲುನೋವು ಕಡಿಮೆಯಾಗಿ ಮತ್ತೆ ಬುಟ್ಟಿ ಹೆಣೆಯಲು ಕೂತಿದ್ದಾಳೆಂದು ಓದಿ ಸಮಾಧಾನವಾಯಿತು. ನಮ್ಮ ಚೆನ್ನುವಿಗೆ ಪಿಯುಸಿ ಪರೀಕ್ಷೆ ಹತ್ತಿರ ಬಂತಲ್ಲ. ಬಗ್ಗಿ ಕೂತು ಓದಬೇಡ, ಕಣ್ಣು ಹಾಳಾಗುತ್ತದೆ ಎಂದು ನಿನ್ನ ಮಗಳಿಗೆ ಹೇಳು.

ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಇನ್ನು ಮೇಲೆ ಕವರಿನ ಹಿಂದೆ ‘ಕೊರಗರ ಕಾಲನಿ’ ಎಂದು ಬರೆಯಬೇಡ. ನಿನ್ನ ಹೆಸರು, ಮಂಗಳೂರು, ಅಷ್ಟಿದ್ದರೆ ಸಾಕು. ಇಲ್ಲಿ ಎಲ್ಲರ ಕಾಗದವೂ ಕಂಪೆನಿಯ ಆಫೀಸಿಗೆ ಬರುತ್ತದೆ. ಅಲ್ಲಿಂದ ಯಾರಾದರೊಬ್ಬರು ರೂಮಿಗೆ ತರುತ್ತಾರೆ. ಈ ಸಲ ತಂದವರು ಮುಂಡಪ್ಪಣ್ಣ. ಬಂಟ್ವಾಳದ ಕಡೆಯವರು, ನನ್ನ ಜೊತೆಗೇ ವೆಲ್ಡಿಂಗ್ ಮಾಡುವವರು. ಕವರನ್ನು ಮಗುಚಿ ನೋಡಲಿಲ್ಲ, ಪುಣ್ಯ.

ರೂಮಿನಲ್ಲಿ ನಾವು ಮೂವರು. ನಾನು, ಮುಂಡಪ್ಪಣ್ಣ, ಮಂಗಳೂರಿನ ಕುಲಶೇಖರದ ರಾಫೆಲ್. ಪಕ್ಕದ ರೂಮಿನ ಡ್ರೈವರ್ ಶಾಹುಲ್ ಹಮೀದ್ ಊಟಕ್ಕೆ ನಮ್ಮಲ್ಲಿಗೇ ಬರುತ್ತಾನೆ. ಅವನೂ ಮಂಗಳೂರಿನವನೇ, ಬ್ಯಾರಿ. ಶುಕ್ರವಾರ ರಜೆ, ಅಂದು ಅಡುಗೆ ನನ್ನದು. ಕಳೆದ ವಾರ ಬಂಗುಡೆ ಪುಳಿಮುಂಚಿ ಮಾಡಿದ್ದೆ. ಮುಂಡಪ್ಪಣ್ಣ ಮೂರು ಸಲ ಹಾಕಿಸಿಕೊಂಡರು. “ನಿನ್ನ ಕೈಯ ಸಾರು ತಿಂದ್ರೆ ಊರಲ್ಲೇ ಕೂತ ಹಾಗೆ ಆಗ್ತದೆ ಮಾರಾಯ. ನಿಮ್ಮದು ಯಾವ ಮನೆ ಅಂತ ಹೇಳಿದ್ದಿ?” ಅಂದರು. ನಾನು ಗ್ಯಾಸ್ ತಗ್ಗಿಸಲು ಎದ್ದೆ. ಗ್ಯಾಸ್ ಆಗಲೇ ಆರಿಸಿ ಆಗಿತ್ತು.

ಬಂದು ಎರಡು ವರ್ಷವಾಯಿತು. ಆ ಪ್ರಶ್ನೆ ಬಂದಾಗಲೆಲ್ಲ ನನಗೆ ಏನಾದರೊಂದು ಕೆಲಸ ನೆನಪಾಗುತ್ತದೆ.

ಈಗ ಹಮದ್ ಟೌನಿನಲ್ಲಿ ಕೆಲಸ. ಎತ್ತ ನೋಡಿದರೂ ಒಂದೇ ಥರದ ಹೊಸ ಮನೆಗಳು. ಕಿಟಕಿಗಳಿಗೆ ಗ್ರಿಲ್ ಕೂರಿಸುತ್ತಿದ್ದೇವೆ. ರೌಂಡ್‌ಅಬೌಟುಗಳನ್ನು ಎಣಿಸುತ್ತಾ ಹೋಗದಿದ್ದರೆ ನಿನ್ನೆ ಕೆಲಸ ಮಾಡಿದ ಮನೆ ಇಂದು ಸಿಗುವುದಿಲ್ಲ.

ನಿನ್ನ ತಮ್ಮ,
ಸೇಸಪ್ಪ


ಮಂಗಳೂರು
ತಾ. 2-4-1985

ಸೇಸಪ್ಪನಿಗೆ,

ನೀನು ಹೇಳಿದಂತೆ ಕವರಿನ ಹಿಂದೆ ಏನೂ ಬರೆದಿಲ್ಲ, ಹೆಸರನ್ನೂ ಬರೆದಿಲ್ಲ. ಅಂಚೆಯ ಕೌಂಟರಿನಲ್ಲಿ, “ಕಳಿಸುವವರ ವಿಳಾಸ ಇಲ್ಲವಲ್ಲ?” ಅಂದರು. “ಅವನಿಗೆ ಗೊತ್ತುಂಟು” ಅಂದೆ.

ಬೇಸರ ಮಾಡಿಕೊಳ್ಳಬೇಡ ಅಂದಿದ್ದಿ. ಮಾಡಿಕೊಳ್ಳುವುದಿಲ್ಲ. ನಾನು ಕಾರ್ಪೊರೇಶನಿನ ಪೊರಕೆ ಹಿಡಿದು ಬೆಳಿಗ್ಗೆ ಐದೂವರೆಗೆ ಹಂಪನಕಟ್ಟೆಯಲ್ಲಿ ನಿಲ್ಲುತ್ತೇನೆ. ಇಡೀ ಪೇಟೆಗೆ ನಾನು ಯಾರೆಂದು ಗೊತ್ತು. ನನಗೆ ಮುಚ್ಚಿಡಲು ಏನೂ ಇಲ್ಲ. ಅದು ಸುಖ ಎಂದು ಹೇಳುತ್ತಿಲ್ಲ, ಇರುವುದನ್ನು ಹೇಳಿದೆ.

ಚೆನ್ನು ಪರೀಕ್ಷೆ ಚೆನ್ನಾಗಿ ಮಾಡಿದ್ದಾಳಂತೆ. ನರ್ಸಿಂಗ್ ಓದಬೇಕು ಅನ್ನುತ್ತಾಳೆ. ಅಮ್ಮನನ್ನು ಆಸ್ಪತ್ರೆಯಲ್ಲಿ ಮಲಗಿಸಿದ್ದ ಹತ್ತು ದಿನವೂ ಇವಳೇ ಜೊತೆಗಿದ್ದಳಲ್ಲ, ಆಗಿನಿಂದ ಇದೇ ಮಾತು. ಅಮ್ಮನ ಕಾಲಿಗೆ ಬಟ್ಟೆ ಸುತ್ತುವುದನ್ನು ನೋಡಿ ಅಲ್ಲಿನ ಸಿಸ್ಟರು, “ಎಲ್ಲಿ ಕಲಿತೆ?” ಎಂದು ಕೇಳಿದ್ದರು. ಅಮ್ಮ ಹೆಣೆಯುವುದನ್ನು ನೋಡಿ ಕಲಿತದ್ದು, ಇನ್ನೆಲ್ಲಿ? ಅವಳ ಬೆರಳುಗಳು ಅಮ್ಮನವೇ.

ನಿನ್ನ ಭಾವ ತೀರಿಕೊಂಡ ವರ್ಷ ಅವಳ ಕೈಹಿಡಿದು ಶಾಲೆಗೆ ಸೇರಿಸಿದವನು ನೀನು. ಹೈಸ್ಕೂಲಿಗೆ, ಕಾಲೇಜಿಗೆ ಓಡಾಡಿದವನೂ ನೀನೇ. ಇದಕ್ಕೂ ನಿನ್ನ ಮಾತು ಬೇಕು ಅವಳಿಗೆ.

ಕುಸುಮಾವತಿ


ಮಂಗಳೂರು
ತಾ. 10-6-1985

ಸೇಸಪ್ಪನಿಗೆ,

ಎರಡು ತಿಂಗಳಿನಿಂದ ನಿನ್ನ ಕಾಗದವಿಲ್ಲ. ಆದರೂ ಬರೆಯಲೇಬೇಕಾಗಿದೆ.

ಚೆನ್ನು ಪಾಸಾದಳು, ಫಸ್ಟ್ ಕ್ಲಾಸ್. ನರ್ಸಿಂಗ್ ಶಾಲೆಯಲ್ಲಿ ಪರಿಶಿಷ್ಟ ಪಂಗಡದವರಿಗೆ ಒಂದು ಸೀಟು ಉಂಟು. ಅರ್ಜಿ ಹಾಕಿದ ಹುಡುಗಿ ಇವಳೊಬ್ಬಳೇ ಅಂತೆ. ಜಾತಿಯ ಸರ್ಟಿಫಿಕೇಟಿಗೆಂದು ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ ಅವಳ ಟಿ.ಸಿ. ನೋಡಿ ನನ್ನ ಮುಖ ನೋಡಿದರು. “ಇದರಲ್ಲಿ ಬೇರೆ ಜಾತಿ ಬರೆದಿದೆಯಲ್ಲಮ್ಮ. ಸೀಟು ಸಿಗ್ತದೆ ಅಂತ ಈಗ ಬದಲಾಯಿಸ್ತೀರಾ?” ಅಂದರು.

ಜಾತಿಯ ಕಲಂನಲ್ಲಿ ಏನಿತ್ತೆಂದು ನಿನಗೆ ಗೊತ್ತು. ಆ ಹೆಸರನ್ನು ಇಲ್ಲಿ ಬರೆಯಲು ನನಗೆ ಕೈ ಬರುವುದಿಲ್ಲ. ಆ ಜಾತಿಯವರು ಒಳ್ಳೆಯವರೇ, ಅವರ ಹೆಸರಿಗೆ ನಾನು ಯಾಕೆ ಕೈಹಾಕಲಿ?

ಶಾಲೆಗೆ ಹೋಗಿ ಹಳೆಯ ದಾಖಲಾತಿ ಪುಸ್ತಕ ತೆಗೆಸಿದೆ. ಹನ್ನೆರಡು ವರ್ಷದ ಹಿಂದಿನ ಪುಟ. ಪೋಷಕರ ಸಹಿ ಎಂಬಲ್ಲಿ ನಿನ್ನ ಸಹಿ. ಎಷ್ಟು ದುಂಡಗೆ ಬರೆದಿದ್ದಿ! ಸ್ಕಾಲರ್‌ಶಿಪ್ ಯಾಕೆ ಬರುವುದಿಲ್ಲ ಎಂದು ನಾನು ಕೇಳಿದಾಗಲೆಲ್ಲ “ನಾನಿಲ್ವಾ ಅಕ್ಕ” ಅನ್ನುತ್ತಿದ್ದಿ. ಅದು ಪ್ರೀತಿ ಎಂದುಕೊಂಡಿದ್ದೆ.

ನಿನ್ನ ಸರ್ಟಿಫಿಕೇಟನ್ನು ಅಧಿಕಾರಿಗೆ ತೋರಿಸಿದೆ. “ಮಾವ ಕೊರಗ, ಸೊಸೆ ಬೇರೆ. ಯಾವುದನ್ನು ನಂಬಲಿ? ಬರೆಸಿದವರೇ ಹೇಳಲಿ” ಅಂದರು. ನೀನು ತಪ್ಪಾಗಿ ಬರೆಸಿದ್ದೆಂದು ಪ್ರಮಾಣಪತ್ರ ಬರೆದು, ಅಲ್ಲಿನ ಭಾರತದ ರಾಯಭಾರ ಕಚೇರಿಯಲ್ಲಿ ಮೊಹರು ಹಾಕಿಸಿ ಕಳಿಸಬೇಕಂತೆ. ನಿನ್ನನ್ನು ಬಲ್ಲ ಊರಿನವರಿಬ್ಬರು ಅದಕ್ಕೆ ಸಾಕ್ಷಿ ಹಾಕಬೇಕಂತೆ. ಆಗಸ್ಟ್ ಹತ್ತರ ಒಳಗೆ.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, “ನಾವು ಯಾರು ಅಂತ ಹೇಳ್ಲಿಕ್ಕೆ ಸರಕಾರಕ್ಕೆ ಅರಬರ ದೇಶದಿಂದ ಕಾಗದ ಬರಬೇಕಾ?” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಕುಸುಮಾವತಿ


ಸಲ್ಮಾಬಾದ್
ತಾ. 28-6-1985

ಅಕ್ಕಾ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ.

ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಶಾಲೆಯ ಅಂಗಳದಲ್ಲಿ ಒಂದು ನಾಯಿ ಸತ್ತು ಬಿದ್ದಿತ್ತು, ನೆನಪಿದೆಯಾ? ನಲವತ್ತು ಮಕ್ಕಳಲ್ಲಿ ಮಾಸ್ಟ್ರು ನನ್ನ ಹೆಸರು ಕರೆದರು. ನನಗೆ ಒಂಬತ್ತು ವರ್ಷ. ಕಾಲು ಹಿಡಿದು ಎಳೆದುಕೊಂಡು ಹೋಗಿ ಎಸೆದು ಬಂದೆ. ಬಾಗಿಲಲ್ಲಿ ನನ್ನನ್ನು ತಡೆದು, “ಹಾಗೆಯೇ ಒಳಗೆ ಬರ್ತೀಯಾ?” ಅಂದರು. ಎಲ್ಲರೂ ನಕ್ಕರು.

ಚೆನ್ನುವನ್ನು ಶಾಲೆಗೆ ಕರೆದುಕೊಂಡು ಹೋದ ದಿನ ಅದೇ ಅಂಗಳ ದಾಟಬೇಕಾಯಿತು. ಅವಳು ನನ್ನ ಬೆರಳು ಹಿಡಿದು ಕುಣಿಯುತ್ತಾ ಬರುತ್ತಿದ್ದಳು. ಹೆಡ್‌ಮಾಸ್ಟ್ರು ಹೊಸಬರು, ನನ್ನ ಗುರುತಿರಲಿಲ್ಲ. ಜಾತಿ ಎಂದು ಕೇಳಿದಾಗ ಬಾಯಿಗೆ ಬಂದ ಬೇರೊಂದು ಹೆಸರು ಹೇಳಿಬಿಟ್ಟೆ. ಆಮೇಲೆ ತಿದ್ದಲು ಧೈರ್ಯ ಸಾಲಲಿಲ್ಲ.

ಈಗ ನೀನು ಕೇಳುತ್ತಿರುವುದು ಸಣ್ಣ ಕೆಲಸವಲ್ಲ. ಪಾಸ್‌ಪೋರ್ಟ್ ಮುದೀರನ ಕಪಾಟಿನಲ್ಲಿದೆ. ಮ್ಯಾನೇಜರಿಗೆ ಇಲ್ಲಿ ಹಾಗೆನ್ನುತ್ತಾರೆ. ಯಾಕೆ ಬೇಕೆಂದು ಹೇಳದೆ ಅವನು ಕೊಡುವುದಿಲ್ಲ. ಸಾಕ್ಷಿಗೆ ಇಬ್ಬರು ಅಂದರೆ ರೂಮಿನವರೇ ಆಗಬೇಕು. ಒಂದು ವರ್ಷ ಕಾಯಬಹುದಾ? ಮುಂದಿನ ವರ್ಷ ರಜೆಯಲ್ಲಿ ಬಂದು ನಾನೇ ಕಚೇರಿಗೆ ಹೋಗುತ್ತೇನೆ. ಅಷ್ಟರವರೆಗೆ ಅವಳು ಟೈಪಿಂಗ್ ಕಲಿಯಲಿ.

ಇಲ್ಲಿ ಭಾರೀ ಸೆಖೆ. ಗಾಳಿ ಬಂದರೂ ಬೆಂಕಿಯ ಹತ್ತಿರ ನಿಂತ ಹಾಗೆ. ನಿದ್ದೆ ಸರಿಯಾಗಿ ಬರುತ್ತಿಲ್ಲ.

ಸೇಸಪ್ಪ


ಮಂಗಳೂರು
ತಾ. 11-7-1985

ಸೇಸಪ್ಪ,

ನಾಯಿಯ ಸಂಗತಿ ನನಗೆ ನೆನಪಿಸಬೇಕಾಗಿಲ್ಲ. ಅಂದು ಮನೆಯ ಹಿಂದೆ ನಿನ್ನನ್ನು ಕೂರಿಸಿ ತಲೆಗೆ ನೀರು ಹೊಯ್ದವಳು ನಾನು. “ಇನ್ನೂ ವಾಸನೆ ಬರ್ತದೆ ಅಕ್ಕ, ಇನ್ನೂ ಹೊಯ್ಯಿ” ಎಂದು ನೀನು ಅಳುತ್ತಿದ್ದಿ. ಮರುದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ನೀನು ಹೋದಿ. ಇಬ್ಬರಲ್ಲಿ ಒಬ್ಬನಾದರೂ ಹೋಗಲಿ ಎಂದು ಅಮ್ಮ ಹೊಡೆದು ಕಳಿಸಿದಳು.

ನೀನು ಐಟಿಐ ಸೇರಿದ್ದು ಯಾವ ಕಾಗದದಿಂದ? ವೆಲ್ಡಿಂಗ್ ಕಲಿತದ್ದು, ವಿಮಾನ ಹತ್ತಿದ್ದು, ಎಲ್ಲವೂ ಆ ಕಾಗದದಿಂದಲೇ. ನೀನು ಅದರ ಮೇಲೆ ಕಾಲಿಟ್ಟು ಹೊಳೆ ದಾಟಿದಿ. ಚೆನ್ನುವಿನ ಸರದಿ ಬಂದಾಗ ಅದನ್ನು ಎಳೆದುಕೊಂಡಿ.

ಒಂದು ವರ್ಷ ಕಾಯಲಿ ಎಂದು ಬರೆದಿದ್ದಿ. ನಿನ್ನ ಕಾಗದ ಓದಿ ಅವಳು ಎದ್ದು ಹೋಗಿ ಅಜ್ಜಿಯ ಪಕ್ಕ ಕೂತು ಬುಟ್ಟಿ ಹೆಣೆಯತೊಡಗಿದಳು. ಅಮ್ಮ ಅವಳ ಕೈಯಿಂದ ಬಳ್ಳಿಯನ್ನು ಕಿತ್ತುಕೊಂಡಳು.

ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಅಕ್ಕ


ಸಲ್ಮಾಬಾದ್
ತಾ. 26-7-1985

ಅಕ್ಕಾ,

ಇದರ ಜೊತೆಯಲ್ಲಿ ಪ್ರಮಾಣಪತ್ರವಿದೆ. ರಾಫೆಲನ ಅಕ್ಕ ವಾಯೊಲೆಟ್ ಬಾಯಿ ಇಲ್ಲಿ ನರ್ಸ್, ಮನೆ ಅರಾದ್‌ನಲ್ಲಿ. ಸೋಮವಾರ ಊರಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಕಳೆದ ಶುಕ್ರವಾರ ಹೇಳಿಬಿಟ್ಟೆ. ಊಟವಾಗಲಿ, ಆಮೇಲೆ ಹೇಳೋಣ ಎಂದು ಮೊದಲು ಯೋಚಿಸಿದ್ದೆ. ಸಾರು ಕುದಿಯುತ್ತಿರುವಾಗ, ಉಣ್ಣಿಸಿದ ಮೇಲೆ ಹೇಳುವುದು ಮೋಸವಾಗುತ್ತದೆ ಅನ್ನಿಸಿತು. ನಾಲ್ವರ ತಟ್ಟೆ ಇಟ್ಟು, ಬಡಿಸುವ ಮೊದಲೇ ಹೇಳಿದೆ. “ನನಗೆ ಒಂದು ಕಾಗದಕ್ಕೆ ಇಬ್ಬರ ಸಹಿ ಬೇಕು. ನಾವು ಕೊರಗರು. ಸೊಸೆಗೆ ಶಾಲೆಯಲ್ಲಿ ಬೇರೆ ಜಾತಿ ಬರೆಸಿದ್ದೆ. ಅದನ್ನು ತಿದ್ದಬೇಕು.” ಇಷ್ಟೇ. ಮೊದಲೇ ಬಾಯಿಪಾಠ ಮಾಡಿದ್ದ ಉಳಿದ ಮಾತುಗಳೆಲ್ಲ ಮರೆತುಹೋದವು.

ರಾಫೆಲ್ ಚಾಪೆಯ ಮೇಲೆ ಕೈಯೊರೆಸಿಕೊಂಡು, “ಎಲ್ಲಿ ಹಾಕುವುದು ಸಹಿ?” ಅಂದ.

ಮುಂಡಪ್ಪಣ್ಣ ಪಾತ್ರೆಯನ್ನೇ ನೋಡುತ್ತಿದ್ದರು. “ಎರಡು ವರ್ಷ, ಸೇಸಪ್ಪ” ಅಂದರು. “ಎರಡು ವರ್ಷ ನೀನು ನನಗೆ ಹೇಳಲಿಲ್ಲ.”

“ಹೇಳಿದ್ರೆ ತಿಂತಿದ್ರಾ ಮುಂಡಪ್ಪಣ್ಣ?”

ಅವರು ಎದ್ದು ಅಂಗಿ ಹಾಕಿಕೊಂಡು ಹೊರಗೆ ಹೋದರು. ಎದುರಿನ ಕೋಲ್ಡ್ ಸ್ಟೋರ್ ಅಂಗಡಿಯಿಂದ ಬ್ರೆಡ್ ತಂದು ಮೆಟ್ಟಿಲ ಮೇಲೆ ಕೂತು ತಿಂದರು. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಆ ಬಿಸಿಲಿಗಿಂತ ನನ್ನ ಸಾರು ಅವರಿಗೆ ಕಷ್ಟವಾಯಿತು, ಅಕ್ಕ.

ಇನ್ನೊಬ್ಬ ಸಾಕ್ಷಿ ಶಾಹುಲ್ ಹಮೀದ್. ಸಹಿ ಹಾಕುತ್ತಾ, “ನನಗೆ ಮೊದಲ ದಿನವೇ ಗೊತ್ತಿತ್ತು. ಬಂದರಿನಲ್ಲಿ ನನ್ನ ತಂದೆ ಮೀನಿಗೆ ಬುಟ್ಟಿ ತೆಗೆದುಕೊಳ್ಳುತ್ತಿದ್ದದ್ದು ನಿನ್ನ ಅಮ್ಮ ಅಕ್ಕುವಿನ ಹತ್ತಿರ. ನೀನು ಅವಳ ಹಿಂದೆ ಬುಟ್ಟಿ ಹೊತ್ತು ಬರ್ತಿದ್ದಿ” ಅಂದ.

“ಮತ್ತೆ ಯಾಕೆ ಹೇಳಲಿಲ್ಲ?”

“ನೀನೇ ಹೇಳದ್ದನ್ನು ನಾನು ಯಾಕೆ ಹೇಳುವುದು?”

ಅವನಿಗೆ ಕೈಮುಗಿಯಬೇಕಿತ್ತು. ನನಗೆ ಬಂದದ್ದು ಸಿಟ್ಟು. ನಾನು ಊರಿನ ಮನೆಯ ದೊಡ್ಡ ಅಂಗಳದ ಸುದ್ದಿ ಹೇಳುತ್ತಿದ್ದಾಗ, ಇಲ್ಲದ ಅಜ್ಜನ ಕೋಣಗಳನ್ನು ಹೊಗಳುತ್ತಿದ್ದಾಗ ಇವನು ಎದುರಿಗೇ ಕೂತು ಅನ್ನ ಕಲಸುತ್ತಾ ಕೇಳಿದ್ದಾನೆ! ಎರಡು ದಿನ ಅವನೊಡನೆ ಮಾತಾಡಲಿಲ್ಲ. ಅವನು ಅದನ್ನೂ ಸುಮ್ಮನೆ ಸಹಿಸಿಕೊಂಡ. ಮುದೀರನಿಗೂ ಕಾರಣ ಹೇಳಿ ಪಾಸ್‌ಪೋರ್ಟ್ ಬಿಡಿಸಿಕೊಂಡೆ. ಬುಧವಾರ ಶಾಹುಲ್ ತನ್ನ ವ್ಯಾನಿನಲ್ಲೇ ಮನಾಮಕ್ಕೆ ಕರೆದುಕೊಂಡು ಹೋದ.

ರಾಯಭಾರ ಕಚೇರಿಯವರು ಓದಿ, “ತಪ್ಪೆಂದು ಗೊತ್ತಿದ್ದೂ ಯಾಕೆ ಬರೆಸಿದಿರಿ?” ಎಂದು ಹಿಂದಿಯಲ್ಲಿ ಕೇಳಿದರು. “ಮಗು ಶಾಲೆಗೆ ಹೋಗಬೇಕಿತ್ತು ಸಾಬ್” ಅಂದೆ. ಇನ್ನೇನೂ ಕೇಳದೆ ಮೊಹರು ಒತ್ತಿದರು.

ಹೊತ್ತಿಗೆ ಸರಿಯಾಗಿ ತಲುಪಿದರೆ ಸಾಕು. ತಲುಪಿತೆಂದು ತಿಳಿಯುವವರೆಗೆ ಕೂತಲ್ಲಿ ಕೂರಲು ಆಗುವುದಿಲ್ಲ ನನಗೆ.

ಸೇಸಪ್ಪ


ಮಂಗಳೂರು
ತಾ. 9-8-1985

ಪ್ರೀತಿಯ ತಮ್ಮನಿಗೆ,

ನಿನ್ನೆ ಸಂಜೆ ಸರ್ಟಿಫಿಕೇಟ್ ಕೈಗೆ ಬಂತು. ಇಂದು ಬೆಳಿಗ್ಗೆ ಚೆನ್ನು ನರ್ಸಿಂಗ್ ಶಾಲೆಗೆ ಕೊಟ್ಟು ಬಂದಳು. ಸೀಟು ಆಯಿತು. ಒಂದು ದಿನ ಮಾತ್ರ ಉಳಿದಿತ್ತು. ಅಧಿಕಾರಿ ಎರಡು ಸಲ ನಾಳೆ ಬನ್ನಿ ಅಂದರು. ಮೂರನೆಯ ಸಲ ನಾನು ಪೊರಕೆಯೊಂದಿಗೇ ಹೋಗಿ ಅವರ ಬಾಗಿಲಲ್ಲಿ ಕೂತೆ.

ವಾಯೊಲೆಟ್ ಬಾಯಿ ಅಂಚೆಗೆ ಹಾಕದೆ ತಾವೇ ಕಾಲನಿಗೆ ಬಂದರು. ಅಮ್ಮನ ಚಾಪೆಯಲ್ಲೇ ಕೂತು ಚಾ ಕುಡಿದರು. ಚೆನ್ನುವಿನ ಕೈ ಹಿಡಿದು, “ಮೊದಲ ಆರು ತಿಂಗಳು ಬೆನ್ನು ನೋಯ್ತದೆ, ಮತ್ತೆ ಅಭ್ಯಾಸ ಆಗ್ತದೆ” ಅಂದರು.

ನಿನ್ನ ಪ್ರಮಾಣಪತ್ರವನ್ನು ಚೆನ್ನು ಅಮ್ಮನಿಗೆ ತುಳುವಿನಲ್ಲಿ ಓದಿ ಹೇಳಿದಳು. ‘ನಾನೂ ನನ್ನ ಅಕ್ಕನೂ ಅವಳ ಮಗಳೂ ಕೊರಗ ಸಮುದಾಯದಲ್ಲಿ ಹುಟ್ಟಿದವರು’ ಎಂಬ ಸಾಲನ್ನು ಇನ್ನೊಮ್ಮೆ ಓದು ಅಂದಳು ಅಮ್ಮ. ಆಮೇಲೆ ಕೇಳಿದಳು: “ಅವನು ಈಗ ಯಾರ ಜೊತೆ ಉಣ್ತಾನೆ?”

ಏನು ಹೇಳಲಿ ಅವಳಿಗೆ?

ನಾನು ಕೋಪದಲ್ಲಿ ಬರೆದದ್ದು ಸುಳ್ಳಲ್ಲ. ಆದರೆ ನಿನಗೆ ಅಲ್ಲಿ ಏನೇನು ಆದೀತೆಂದು ಆಗ ಯೋಚಿಸಿರಲಿಲ್ಲ.

ಕುಸುಮಾವತಿ


ಸಲ್ಮಾಬಾದ್
ತಾ. 20-9-1985

ಅಕ್ಕನಿಗೆ,

ಅಮ್ಮನಿಗೆ ಹೇಳು: ನಾನು, ರಾಫೆಲ್, ಶಾಹುಲ್ ಹಮೀದ್ ಒಟ್ಟಿಗೆ ಉಣ್ಣುತ್ತೇವೆ. ಮುಂಡಪ್ಪಣ್ಣ ಬೇರೆ. ರೂಮು ಬದಲಿಸಿ ಎಂದು ಅವರು ಮುದೀರನನ್ನು ಕೇಳಿದ್ದರು. ಹಾಸಿಗೆ ಖಾಲಿ ಇಲ್ಲ ಅಂದನಂತೆ. ಈಗ ತಮ್ಮ ಮಂಚದ ಸುತ್ತ ಹಗ್ಗ ಕಟ್ಟಿ ಒಂದು ಬೆಡ್‌ಶೀಟ್ ಇಳಿಬಿಟ್ಟಿದ್ದಾರೆ. ಸಣ್ಣ ಸ್ಟವ್ ತಂದಿದ್ದಾರೆ. ಅಡುಗೆ ಬರುವುದಿಲ್ಲ ಅವರಿಗೆ. ಅನ್ನ ಸೀದ ವಾಸನೆ ಬಂದಾಗ ನನಗೆ ಎದ್ದು ಹೋಗಿ ಉರಿ ತಗ್ಗಿಸೋಣ ಅನ್ನಿಸುತ್ತದೆ. ಹೋಗುವುದಿಲ್ಲ.

ಕೆಲಸದಲ್ಲಿ ಮಾತ್ರ ನಮಗೆ ಬೆಡ್‌ಶೀಟ್ ಇಲ್ಲ. ಗ್ರಿಲ್ಲನ್ನು ಅವರು ಹಿಡಿಯಬೇಕು, ನಾನು ವೆಲ್ಡ್ ಮಾಡಬೇಕು. ಅವರ ಮುಖ ನನ್ನ ಮುಖದಿಂದ ಒಂದು ಗೇಣು ದೂರ. ಹೋದ ವಾರ ಅವರ ಕಣ್ಣಿಗೆ ಕಬ್ಬಿಣದ ಚೂರು ಹಾರಿತು. ನಾನೇ ತಲೆ ಹಿಡಿದು, ನನ್ನ ಬಾಟ್ಲಿಯ ನೀರಿನಲ್ಲಿ ಕಣ್ಣು ತೊಳೆದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅವರು ಬೇಡ ಅನ್ನಲಿಲ್ಲ. ಮರಳಿ ಬರುವಾಗ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದವರು ಕೇಳಿದರು, “ನಿನ್ನ ಸೊಸೆಗೆ ಸೀಟು ಸಿಕ್ಕಿತಾ?”

“ಸಿಕ್ಕಿತು.”

“ಒಳ್ಳೇದಾಯ್ತು.”

ಅಂದು ಸಂಜೆ ಮತ್ತೆ ಬೆಡ್‌ಶೀಟಿನ ಆಚೆಗೆ ಹೋದರು. ನಾನು ಏನೋ ಆಗಬಹುದೆಂದು ನಾಲ್ಕನೆಯ ತಟ್ಟೆ ತೊಳೆದಿಟ್ಟಿದ್ದೆ, ಹುಚ್ಚ!

ಮೊನ್ನೆ ಉಡುಪಿಯ ಕಡೆಯಿಂದ ಹೊಸಬನೊಬ್ಬ ಬಂದ. ಅವನು ಕೇಳುವ ಮೊದಲೇ ನಾನು ಯಾರೆಂದು ಹೇಳಿದೆ. ಇದು ಸುಲಭವಾಗುತ್ತಾ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ. ಜನವರಿಯಲ್ಲಿ ರಜೆ ಕೇಳಿದ್ದೇನೆ.

ಸೇಸಪ್ಪ


ನರ್ಸಿಂಗ್ ಹಾಸ್ಟೆಲ್, ಮಂಗಳೂರು
ತಾ. 8-12-1985

ಮಾವನಿಗೆ ಚೆನ್ನು ಮಾಡುವ ನಮಸ್ಕಾರ.

ಅಮ್ಮನ ಟ್ರಂಕಿನಲ್ಲಿದ್ದ ನಿಮ್ಮ ಕಾಗದಗಳನ್ನೆಲ್ಲ ಓದಿದೆ. ನೀವು ನನಗಾಗಿ ಏನು ಮಾಡಿದಿರೆಂದು ಗೊತ್ತು. ಆದರೂ ಒಂದು ಮಾತು ಹೇಳದೆ ಇದ್ದರೆ ನನಗೆ ಸಮಾಧಾನವಾಗುವುದಿಲ್ಲ. ನೀವೂ ಅಮ್ಮನೂ ನಾನು ಯಾರೆಂಬುದರ ಬಗ್ಗೆ ವರ್ಷವಿಡೀ ಬರೆದಿರಿ. ನನಗೆ ಒಂದು ಸಾಲು ಬರೆದು ಕೇಳಲಿಲ್ಲ.

ಶಾಲೆಯ ಪುಸ್ತಕದಲ್ಲಿ ಏನಿದೆ ಎಂದು ಮೂರನೆಯ ಕ್ಲಾಸಿನಲ್ಲೇ ನನಗೆ ಗೊತ್ತಾಗಿತ್ತು. ಟೀಚರು ಹಾಜರಿಯ ಹೊತ್ತಿಗೆ ಓದಿದ್ದರು. ನೀವು ಹಾಗೆ ಬರೆಸಿದ್ದೀರಿ ಅಂದರೆ ನಾನು ಹಾಗೆಯೇ ಇರಬೇಕು ಅಂದುಕೊಂಡೆ. ಗೆಳತಿಯರನ್ನು ಒಮ್ಮೆಯೂ ಮನೆಗೆ ಕರೆಯಲಿಲ್ಲ. ಎಂಟನೆಯ ಕ್ಲಾಸಿನಲ್ಲಿ ಒಂದು ದಿನ ಗೆಳತಿ ಫ್ಲಾವಿಯಾ ಮತ್ತು ನಾನು ಹಂಪನಕಟ್ಟೆಯಲ್ಲಿ ನಡೆದು ಬರುತ್ತಿದ್ದೆವು. ಎದುರಿಗೆ ಅಮ್ಮ ಗುಡಿಸುತ್ತಿದ್ದಳು. ನಾನು ನೋಡದ ಹಾಗೆ ಮುಂದೆ ಹೋದೆ. ಅಮ್ಮನೂ ತಲೆ ಎತ್ತಲಿಲ್ಲ. ನಾನು ದಾಟುವವರೆಗೆ ಒಂದೇ ಜಾಗವನ್ನು ಗುಡಿಸುತ್ತಾ ನಿಂತಳು. ಅದರ ಬಗ್ಗೆ ನಾವಿಬ್ಬರೂ ಇಂದಿನವರೆಗೆ ಮಾತಾಡಿಲ್ಲ. ಈಗ ನಿಮಗೆ ಹೇಳಿದೆ. ಅಮ್ಮನಿಗೂ ನಾನೇ ಹೇಳಬೇಕು, ನೀವು ಬರೆಯಬೇಡಿ.

ಇಲ್ಲಿ ಓದು ಕಷ್ಟವಿಲ್ಲ, ಇಂಗ್ಲಿಷ್ ಕಷ್ಟ. ಪಕ್ಕದ ಮಂಚದ ಹುಡುಗಿ ಎರಡನೆಯ ದಿನವೇ ತನ್ನ ಟ್ರಂಕನ್ನು ಕಿಟಕಿಯ ಕಡೆಗೆ ಒಯ್ದಳು. ಇನ್ನೊಬ್ಬಳು, ಮಾರ್ಥಾ, ಆ ಜಾಗಕ್ಕೆ ಬಂದಳು. ಅವಳಿಗೆ ಗೊರಕೆ.

ಕಳೆದ ವಾರದಿಂದ ವಾರ್ಡಿನಲ್ಲಿ ಕೆಲಸ. ನಿನ್ನೆ ಬೆಳಿಗ್ಗೆ ಸಿಸ್ಟರು ಒಬ್ಬ ಅಜ್ಜಿಯ ಮೈ ಒರೆಸಲು ಹೇಳಿದರು. ಸೊಂಟ ಮುರಿದು ಮಲಗಿದವರು. ದೊಡ್ಡ ಮನೆಯವರಿರಬೇಕು, ಕಿವಿಯ ಓಲೆಯೇ ಹೇಳುತ್ತಿತ್ತು. ಮುಖ ಒರೆಸಿದೆ, ಕುತ್ತಿಗೆ ಒರೆಸಿದೆ. “ಕೈ ಮೆತ್ತಗೆ ಉಂಟು ನಿಂದು” ಅಂದರು. ಬಲಗೈ ಒರೆಸುತ್ತಿದ್ದಾಗ, “ನಿನ್ನ ಅಮ್ಮ ಎಂತ ಮಾಡ್ತಾಳೆ ಮಗಾ?” ಎಂದು ಕೇಳಿದರು.

“ಕಾರ್ಪೊರೇಶನಿನಲ್ಲಿ ರಸ್ತೆ ಗುಡಿಸ್ತಾಳೆ. ನಾವು ಕೊರಗರು” ಅಂದೆ.

ಅವರು ಕಣ್ಣು ಮುಚ್ಚಿಕೊಂಡರು. ನಾನು ಒದ್ದೆ ಬಟ್ಟೆ ಹಿಡಿದು ನಿಂತೆ. ಸಿಸ್ಟರನ್ನು ಕರೆಯುವುದಾ, ಬೇರೆ ಹುಡುಗಿಯನ್ನು ಕಳಿಸುವುದಾ ತಿಳಿಯಲಿಲ್ಲ. ಬೇಸಿನಿನ ನೀರು ತಣ್ಣಗಾಗುತ್ತಾ ಬಂತು. ಅಳಬಾರದು ಎಂದು ಮಾತ್ರ ನಿಶ್ಚಯ ಮಾಡಿದ್ದೆ.

ತುಂಬ ಹೊತ್ತಿನ ಮೇಲೆ ಅಜ್ಜಿ ಕಣ್ಣು ತೆರೆಯದೆಯೇ ಹೊದಿಕೆಯ ಅಡಿಯಿಂದ ಎಡಗೈಯನ್ನು ಹೊರತೆಗೆದು ನನ್ನ ಕಡೆಗೆ ಚಾಚಿದರು.

ನಿಮ್ಮ ಸೊಸೆ,
ಚೆನ್ನು